ಎಮ್ಮೆಯ ತಾರೀಖು ಇದ್ದ ಗೋಡೆ

ನ್ಯಾಮತಿಯ ನಮ್ಮ ಮನೆಯಲ್ಲಿ ಎಮ್ಮೆ ಕೋಣದ ಹತ್ತಿರ ಹೋಗಿಬಂದ ತಾರೀಖನ್ನು ಕೊಟ್ಟಿಗೆಯ ಗೋಡೆಗೆ ಇದ್ದಿಲಿನಲ್ಲಿ ಬರೆಯುವುದು ವಾಡಿಕೆ. ಅಲ್ಲಿಂದ ಹತ್ತು ತಿಂಗಳು ಹತ್ತು ದಿನಕ್ಕೆ ಕರು. ಇನ್ನೆಲ್ಲೂ ಬರೆಯಬಾರದೆಂದು ನನ್ನ ನಿಯಮ. ಎರಡು ಕಡೆ ಬರೆದರೆ ಎರಡು ತಾರೀಖಾಗುತ್ತದೆ.

ಕಳೆದ ದೀಪಾವಳಿಗೆ ನಾನು ಹೊನ್ನಾಳಿಗೆ ಹೋಗಿಬರುವಷ್ಟರಲ್ಲಿ ನನ್ನ ಹೆಂಡತಿ ಕೊಟ್ಟಿಗೆಗೆಲ್ಲ ಸುಣ್ಣ ಬಳಿದು ಮುಗಿಸಿದ್ದಳು. ಗೋಡೆ ಬೆಳ್ಳಗಿತ್ತು. ತಾರೀಖು ಇರಲಿಲ್ಲ.

“ಎಮ್ಮೆ ಹೊಡ್ಕಂಡು ಹೋದೋರು ನೀವು. ನೆನಪಿಲ್ಲೇನ್ರೀ?”

“ಬರೆದಿಟ್ಟಿದ್ನಲ್ಲ, ನೆನಪ್ಯಾಕೆ ಇಟ್ಕಳ್ಳಲಿ?”

ತಮಾಷೆಯ ಮಾತಾಗಿರಲಿಲ್ಲ. ಮುಂದಿನ ವಾರ ಜಗಳೂರಿನಲ್ಲಿ ಅವಳ ಅಕ್ಕನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವವರಿದ್ದರು. ಇವಳು ಕುಲಾವಿ ಹೊಲಿದಿಟ್ಟು ತಿಂಗಳಾಗಿತ್ತು. ತಾರೀಖು ತಿಳಿಯದೆ ಎಮ್ಮೆಯನ್ನು ಬಿಟ್ಟು ಹೊರಡುವುದಿಲ್ಲ ಎಂದು ನಾನು ಹೇಳಿಬಿಟ್ಟೆ.

ಅವಳು ಒಂದು ಚೊಂಬು ನೀರು ತಂದು ಗೋಡೆಗೆ ಎರಚಿದಳು. ಸುಣ್ಣ ನೆಂದಾಗ ಒಳಗಿನದು ಕಾಣುತ್ತದೆ. ಕಂಡಿತು ಕೂಡ: ಒಂದು ಡಿಸೆಂಬರ್, ಒಂದು ಜನವರಿ, ಒಂದು ಫೆಬ್ರವರಿ. ವರ್ಷ ವರ್ಷ ಬಳಿದ ಸುಣ್ಣದ ಕೆಳಗೆ ನನ್ನ ಅಕ್ಷರವೆಲ್ಲ ಭದ್ರವಾಗಿತ್ತು. ಇಸವಿ ಮಾತ್ರ ನಾನು ಎಂದೂ ಬರೆದವನಲ್ಲ. ನಡೆಯುತ್ತಿರುವ ವರ್ಷವನ್ನು ಯಾರು ಮರೆಯುತ್ತಾರೆ?

“ಕಪ್ಪಗಿರೋ ಡಿಸೆಂಬರೇ ಈ ಸಲದ್ದು. ಈ ವಾರವೇ ಈಯ್ತೈತೆ,” ಎಂದೆ.

“ಅದು ನೀವು ಇದ್ದಿಲು ಒತ್ತಿ ಬರೆದ ವರ್ಷ. ಫೆಬ್ರವರೀನೇ ಸರಿ. ಜಗಳೂರಿಗೆ ಎರಡು ಸಲ ಹೋಗಿಬರಬಹುದು.”

ವಾದ ಮುಗಿಯುವ ಮುಂಚೆ ಗೋಡೆ ಒಣಗುತ್ತಿತ್ತು. ಮತ್ತೆ ಎರಚುತ್ತಿದ್ದೆವು. ಮೂರನೆಯ ಚೊಂಬಿಗೆ, ಮಜ್ಜಿಗೆಗೆ ಬಂದಿದ್ದ ಪಕ್ಕದ ಮನೆಯ ಅಜ್ಜಿ ಬಾಗಿಲಲ್ಲಿ ನಿಂತಳು.

“ಏನ್ ಮೇಷ್ಟ್ರೇ, ಗ್ವಾಡೆಗೆ ಸ್ನಾನ ಮಾಡಿಸ್ತಿದೀರಿ?”

ವಿಷಯ ಹೇಳಿದೆ. ಅವಳು ಗೋಡೆಯ ಕಡೆ ನೋಡಲೇ ಇಲ್ಲ. ಎಮ್ಮೆಯ ಹಿಂದೆ ಹೋಗಿ, ಬಾಲ ಎತ್ತಿ, ಕೆಚ್ಚಲು ಮುಟ್ಟಿದಳು.

“ಈಯಾದು ಗ್ವಾಡೇನಾ, ಎಮ್ಮೇನಾ? ಕೆಚ್ಲು ತುಂಬೈತೆ. ನಾಕು ದಿನ, ಹೆಚ್ಚಂದ್ರೆ ಐದು.”

ನನ್ನ ಡಿಸೆಂಬರ್ ಗೆದ್ದಿತ್ತು. ನಾನು ಹೆಂಡತಿಯ ಮುಖ ನೋಡಿದೆ. ಅವಳು ಆಗಲೇ ಕುಲಾವಿಯನ್ನು ಚೀಲಕ್ಕೆ ಹಾಕುತ್ತಿದ್ದಳು.

“ತಾರೀಖು ಸಿಕ್ತಲ್ರೀ. ಈಯೋದು ಎಮ್ಮೆ, ನೋಡ್ಕಳ್ಳೋರು ನೀವು. ನನ್ನದೇನು ಕೆಲ್ಸ ಇಲ್ಲಿ?”

ತೊಟ್ಟಿಲ ದಿನವೇ, ಬೆಳಿಗ್ಗೆ ಆರು ಗಂಟೆ ನಲವತ್ತೆರಡು ನಿಮಿಷಕ್ಕೆ ಎಮ್ಮೆ ಈಯಿತು. ಜಗಳೂರಿಗೆ ಫೋನ್ ಮಾಡಿ ಗಂಟೆ, ನಿಮಿಷ, ಕರು ಎದ್ದು ನಿಂತ ಹೊತ್ತು, ಎಲ್ಲವನ್ನೂ ಚೀಟಿ ನೋಡಿ ಓದಿದೆ.

“ಹೆಣ್ಣೋ, ಗಂಡೋ?” ಎಂದಳು.

ಫೋನ್ ಹಿಡಿದುಕೊಂಡೇ ಕೊಟ್ಟಿಗೆಗೆ ಓಡಿದೆ.