ಈರಮ್ಮನಿಗೆ ಓದಿ ಹೇಳಿದ ಬೋರ್ಡು

1981ರ ಬೇಸಿಗೆ. ಆಗ ನಾನು ಆದವಾನಿಯ ಹತ್ತಿರದ ಒಂದು ಹಳ್ಳಿಯಲ್ಲಿ ಪ್ರೈಮರಿ ಶಾಲೆಯ ಟೀಚರ್. ಅಲ್ಲಿನ ಜನರ ಬಾಯಲ್ಲಿ ಪಂತುಲಮ್ಮ. ಮಂತ್ರಾಲಯದ ಆಚಾರ್ಯರ ಮನೆತನದ ಹುಡುಗಿ, ಇಪ್ಪತ್ತಾರು ವರ್ಷ, ನಾಲಿಗೆ ಸ್ವಲ್ಪ ಉದ್ದ. ಮನೆ ಆದವಾನಿಯಲ್ಲೇ; ದಿನಾ ಅಲ್ಲಿನ ಹತ್ತಿ ಮಾರುಕಟ್ಟೆಯ ಎದುರು ಬಸ್ ಹತ್ತಿ ಇಳಿಯುತ್ತಿದ್ದೆ.

ಅಲ್ಲೇ ಬೇವಿನ ಮರದ ಕೆಳಗೆ ಈರಮ್ಮ ಮಲ್ಲಿಗೆ ಮಾರುತ್ತಿದ್ದಳು. ಹುಟ್ಟಿದಾಗ ಉರುಕುಂದದ ದೇವರ ಹೆಸರಿಟ್ಟು ಈರಣ್ಣ ಎಂದು ಕರೆದಿದ್ದರಂತೆ. ಇಪ್ಪತ್ತರ ಹೊತ್ತಿಗೆ ಸೀರೆ ಉಟ್ಟು, ಎಲ್ಲಮ್ಮನ ಮುತ್ತು ಕಟ್ಟಿಸಿಕೊಂಡು ಜೋಗಮ್ಮ ಆದವಳು. ದಪ್ಪ ದನಿ, ಹಣೆ ತುಂಬ ಭಂಡಾರ. ಜೋಗಮ್ಮನ ಕೈಯಿಂದ ಹೂ ತಗೊಂಡರೆ ಒಳ್ಳೆಯದಾಗುತ್ತದೆ ಎಂಬ ನಂಬಿಕೆ ಇದ್ದುದರಿಂದ ಅವಳ ವ್ಯಾಪಾರಕ್ಕೆ ಮೋಸವಿರಲಿಲ್ಲ. ನಾನೂ ಎರಡು ವರ್ಷದಿಂದ ದಿನಾ ಒಂದು ಮೊಳ ಮುಡಿದು, ಅವಳ ಜೊತೆ ಹರಟೆ ಹೊಡೆದು ಬಸ್ ಹತ್ತುತ್ತಿದ್ದೆ.

ಆ ವರ್ಷ ಸಂಕ್ರಾಂತಿಗೆ ಹತ್ತಿ ವ್ಯಾಪಾರಿಯೊಬ್ಬರು ತಮ್ಮ ತಾಯಿಯ ನೆನಪಿಗೆ ಅಲ್ಲಿ ಹೆಂಗಸರಿಗೆಂದು ನಾಲ್ಕು ಬಾಗಿಲಿನ ಪಾಯಖಾನೆ ಕಟ್ಟಿಸಿದರು. ಅಲ್ಲಿಯವರೆಗೆ ಜಾಲಿ ಗಿಡಗಳ ಮರೆಯೇ ಗತಿಯಾಗಿದ್ದ ನಮಗೆ ಅರಮನೆ ಸಿಕ್ಕಷ್ಟು ಸಂತೋಷ. ಎರಡನೇ ವಾರವೇ ಈರಮ್ಮ ಸಾಲಿನಲ್ಲಿ ಬಂದು ನಿಂತಳು. ದೊಡ್ಡ ಗದ್ದಲವಾಯಿತು. ಸೀರೆ ಉಟ್ಟ ಮಾತ್ರಕ್ಕೆ ಹೆಂಗಸಾಗುತ್ತಾರೇನು ಎಂದಳು ಒಬ್ಬಳು. ಒಳಗೆ ವಯಸ್ಸಿಗೆ ಬಂದ ಮಗಳಿದ್ದಾಳೆ ಎಂದಳು ಇನ್ನೊಬ್ಬಳು. ಅವಳಿಂದ ನಿಮಗೇನು ಆಗುತ್ತದೆ, ಬಿಡ್ರೇ ಎಂದ ಹಳ್ಳಿಯ ಅಜ್ಜಿಯೊಬ್ಬಳ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾನೂ ಹಾಕಿಕೊಳ್ಳಲಿಲ್ಲ.

ಹೆಂಗಸರೆಲ್ಲ ಸೇರಿ ವ್ಯಾಪಾರಿಗೆ ಅರ್ಜಿ ಕೊಟ್ಟೆವು. ಬರೆದವಳು ನಾನು, ಒಬ್ಬೊಬ್ಬರ ಸಹಿ, ಹೆಬ್ಬೆಟ್ಟು ಹಾಕಿಸಿಕೊಂಡವಳೂ ನಾನು. ಅವರು ಬೋರ್ಡು ಹಾಕಿಸಲು ಒಪ್ಪಿದಾಗ ಕನ್ನಡ, ತೆಲುಗು ಎರಡರಲ್ಲೂ ಬರೆದುಕೊಟ್ಟೆ: "ಹೆಂಗಸರಿಗೆ ಮಾತ್ರ. ಬೇರೆಯವರು ಒಳಗೆ ಬಂದರೆ ಪೊಲೀಸರಿಗೆ ಕೊಡಲಾಗುವುದು." ಓದಲು ಬಾರದ ಈರಮ್ಮನಿಗೆ ಇದು ಯಾರ ಕೆಲಸವೆಂದು ಗೊತ್ತಾಗಲಿಲ್ಲ. ಮಾರನೆಯ ದಿನವೂ ನಾನು ಅವಳ ಹತ್ತಿರವೇ ಹೂ ತಗೊಂಡೆ. ನನಗೇನೂ ಅನ್ನಿಸಿರಲಿಲ್ಲ.

ಏಪ್ರಿಲ್ ಕೊನೆ. ಬೆಳಗಿನ ಶಾಲೆ ಮುಗಿಸಿ ಮಧ್ಯಾಹ್ನ ಬಸ್ ಇಳಿದೆ. ನೆಲ ಕಾಲು ಸುಡುತ್ತಿತ್ತು. ಈರಮ್ಮ ಮರಕ್ಕೆ ಒರಗಿ ಕೂತಿದ್ದಳು. ತುಟಿ ಒಡೆದು ಸಿಪ್ಪೆ ಎದ್ದಿತ್ತು, ಕಣ್ಣು ಒಳಗೆ ಹೋಗಿತ್ತು. ಪಕ್ಕದ ಗಡಿಗೆಯಿಂದ ಹೂವಿಗೆ ಮಾತ್ರ ನೀರು ಚಿಮುಕಿಸುತ್ತಿದ್ದಳು. ನಾನು ನನ್ನ ತಿರುಗಣಿ ಚೊಂಬಿನ ಮುಚ್ಚಳ ತೆಗೆದು, ಮೇಲಿಂದ ಹಾಕುತ್ತೇನೆ, ಬೊಗಸೆ ಹಿಡಿ ಎಂದೆ. ಅವಳು ಬೇಡವೆಂದು ತಲೆಯಾಡಿಸಿದಳು. ಮಡಿ ಮನೆಯ ನಾನೇ ಕೊಡುತ್ತಿದ್ದರೆ ಇವಳಿಗೆಷ್ಟು ಸೊಕ್ಕು ಎಂದು ನನಗೆ ಸಿಟ್ಟು ಬಂತು.

"ಇವತ್ತ ಏಕಾದಶಿನೂ ಅಲ್ಲ. ಇದ್ಯಾವ ಉಪವಾಸ?" ಎಂದೆ.

"ಉಪವಾಸ ಅಲ್ಲ ಪಂತುಲಮ್ಮ. ನೀರು ಕುಡದ್ರ ಎಲ್ಲಿಗೆ ಹೋಗ್ಲಿ?"

ಅವಳು ನಸುಕಿನಲ್ಲಿ ಮನೆ ಬಿಟ್ಟರೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವವರೆಗೆ ಒಂದು ಹನಿ ನೀರೂ ಕುಡಿಯುವುದಿಲ್ಲವಂತೆ. ಗಂಡಸರು ಹೋಗುವ ಕಡೆ ಒಮ್ಮೆ ಹೋದಾಗ ನಾಲ್ಕು ಜನ ಸೀರೆ ಎಳೆದು ನೋಡಿ ನಕ್ಕಿದ್ದರು. ಜಾಲಿ ಗಿಡಗಳ ಕಡೆ ಹೋದರೆ ಕಲ್ಲು ಬೀಳುತ್ತಿತ್ತು. "ಐದು ದಿವ್ಸ ಆತು, ಉಚ್ಚಿ ಕೆಂಪಗ ಬರಾಕತ್ತೈತಿ" ಎಂದಳು, ಹೂವಿನ ಬೆಲೆ ಹೇಳುವಷ್ಟು ಸಲೀಸಾಗಿ. ನಾನು ಚೊಂಬಿನ ಮುಚ್ಚಳ ಮತ್ತೆ ತಿರುಗಿಸಿ ಹಾಕಿದೆ.

ಆಮೇಲೆ ಅವಳು ದನಿ ತಗ್ಗಿಸಿ ಕೇಳಿದಳು: "ಬಾಗಲ ಕಾಯೋ ಮುದುಕಿ ದಿನಾ ಬೋರ್ಡು ತೋರಿಸಿ ಓಡಿಸ್ತಾಳ. ಅದರಾಗ ಖರೇನ ನನ್ನ ಹೆಸರು ಬರದಾರೇನು? ಓದಿ ಹೇಳವ್ವ."

ಎರಡನೇ ಸಾಲು ಬಾಯಿಗೆ ಬರಲಿಲ್ಲ. ನಿನ್ನ ಹೆಸರಿಲ್ಲ, ಹೆಂಗಸರಿಗೆ ಮಾತ್ರ ಅಂತ ಬರೆದಿದೆ ಎಂದೆ.

"ಅಷ್ಟೇನಾ? ಹಂಗಾರ ನನಗೂ ಐತಲ್ಲ" ಎಂದು ಅವಳು ಹೊಟ್ಟೆ ಹಿಡಿದುಕೊಂಡು ಎದ್ದಳು. ನಾನು ತಡೆಯುವುದರೊಳಗೆ ಬಾಗಿಲ ಹತ್ತಿರ ಹೋಗಿದ್ದಳು. ಕಾವಲಿನ ಮುದುಕಿ ಅವಳ ತುರುಬಿಗೇ ಕೈ ಹಾಕಿದಳು. ಸಾಲಿನಲ್ಲಿದ್ದ ಹೆಂಗಸರು ಪೊಲೀಸರನ್ನು ಕರೆಯಿರಿ ಎಂದು ಕೂಗಿದರು. ಈರಮ್ಮ ನನ್ನ ಕಡೆ ಬೊಟ್ಟು ಮಾಡಿ, ಪಂತುಲಮ್ಮನೇ ಓದಿ ಹೇಳಿದಳು ಎಂದಳು.

ಎಲ್ಲರೂ ನನ್ನತ್ತ ತಿರುಗಿದರು. ಅರ್ಧ ಜನ ಅರ್ಜಿಗೆ ಸಹಿ ಹಾಕಿದವರೇ. ಸುಮ್ಮನಿದ್ದರೆ ನನ್ನ ಮಾನ ಉಳಿಯುತ್ತಿತ್ತು, ಅವಳು ಪೊಲೀಸರ ಪಾಲಾಗುತ್ತಿದ್ದಳು.

"ಹೌದು, ಓದಿದಾಕಿ ನಾನೇ. ಅದನ್ನ ಬರದಾಕಿನೂ ನಾನೇ. ಆಕಿನ್ನ ಒಳಗ ಬಿಡು" ಎಂದೆ.

ಆಗ ಈರಮ್ಮ ತಿರುಗಿ ನನ್ನ ಮುಖ ನೋಡಿದಳು. ಮುದುಕಿಯ ಕೈ ಸಡಿಲವಾಯಿತು. ಈರಮ್ಮ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ನರಳುವ ದನಿ ಕೇಳಿಸಿತು. ಹೆರಿಗೆ ಕೋಣೆಯ ಹೊರಗೆ ಮಾತ್ರ ನಾನು ಅಂಥ ನರಳಾಟ ಕೇಳಿದ್ದೆ. ಕೂಗುತ್ತಿದ್ದ ಹೆಂಗಸರೆಲ್ಲ ತಲೆ ತಗ್ಗಿಸಿ ನಿಂತರು.

ಹೊರಗೆ ಬಂದವಳಿಗೆ ಆಸ್ಪತ್ರೆಗೆ ಹೋಗೋಣ ಬಾ ಎಂದೆ. ಕೇಳಿಸದವಳಂತೆ ಬುಟ್ಟಿ ಎತ್ತಿಕೊಂಡು ಹೊರಟುಬಿಟ್ಟಳು. ಮರುದಿನ ಬರಲಿಲ್ಲ. ವ್ಯಾಪಾರಿಯ ಬೆನ್ನು ಬಿದ್ದು ಬೋರ್ಡು ತೆಗೆಸುವಷ್ಟರಲ್ಲಿ ಬೇಸಿಗೆ ರಜೆಯೇ ಮುಗಿದಿತ್ತು. ಎಷ್ಟು ವಿಚಾರಿಸಿದರೂ ಅವಳು ಎಲ್ಲಿ ಹೋದಳು, ಬದುಕಿದಳೋ ಇಲ್ಲವೋ ತಿಳಿಯಲಿಲ್ಲ.

ಈಗ ಇಂಥವರಿಗೆ ಯಾವ ಬಾಗಿಲು ಎಂದು ಪೇಪರಿನಲ್ಲಿ ವಾದ ನಡೆಯುವುದನ್ನು ಓದುತ್ತೇನೆ. ಓದುವಾಗಲೆಲ್ಲ ನನ್ನ ಬಗ್ಗೆ ನನಗೇ ದಿಗಿಲಾಗುತ್ತದೆ. ಎರಡು ವರ್ಷ ದಿನಾ ಅವಳನ್ನು ಮಾತಾಡಿಸಿದವಳು ನಾನು. ಇವಳೂ ಎಲ್ಲಿಗಾದರೂ ಹೋಗಬೇಕಲ್ಲ ಎಂದು ಒಂದು ದಿನವೂ ನನಗೆ ಹೊಳೆದಿರಲಿಲ್ಲ.