ಕುಂಚ ಗೋಡೆಯ ಮೇಲಿದ್ದಾಗ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಚರ್ಚಿನೊಳಗೆ ಬೆಂಚುಗಳನ್ನೆಲ್ಲ ಒಂದು ಬದಿಗೆ ಸರಿಸಿ, ಎದುರಿನ ಗೋಡೆಗೆ ಎರಡಾಳೆತ್ತರದಲ್ಲಿ ಹಲಗೆ ಕಟ್ಟಿದ್ದಾರೆ. ಹಲಗೆಯ ಮೇಲೆ ಕುಕ್ಕರುಗಾಲಲ್ಲಿ ಕೂತ ದೊಡ್ಡ ಪೇಂಟರ್, ನೀಲಿ ಪುಡಿ ಸವರಿದ ದಾರವನ್ನು ಗೋಡೆಗೆ ಬಿಗಿಹಿಡಿದು ಟಪ್ಪೆಂದು ಮೀಟುತ್ತಾರೆ. ನೇರವಾದ ಗೀಟು ಮೂಡುತ್ತದೆ. ಕೆಳಗೆ ಕೈಯಿರುವ ಕುರ್ಚಿಯಲ್ಲಿ ಅವರ ತಮ್ಮ ಕೂತಿದ್ದಾರೆ. ಎಲ್ಲರ ಬಾಯಲ್ಲೂ ಅವರು ಚಿಕ್ಕ ಪೇಂಟರ್. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿದೆ, ಎಡಗೈಯಲ್ಲೊಂದು ಕೂದಲುದುರಿದ ಹಳೆಯ ಕುಂಚ. ಪಕ್ಕದ ಸ್ಟೂಲಿನ ಮೇಲೆ ಖಾಲಿ ಬಣ್ಣದ ಡಬ್ಬಿ.

ಕುಂಚದ ಹಿಡಿಯಿಂದ ಬಡಿದರೆ ಡಬ್ಬಿ ಟಣ್ ಎನ್ನುತ್ತದೆ. ಟಣ್ ಎಂದದ್ದೇ ತಡ, ಅರವತ್ತರ ಹತ್ತಿರದ ಅಣ್ಣ ಏಣಿ ಇಳಿದು ಬರುತ್ತಾರೆ.

"ಏನೋ?"

"ಮೂಗಿನ ಮೇಲೆ... ನೊಣ."

ಅಣ್ಣ ನೊಣ ಓಡಿಸಿ ಮತ್ತೆ ಏಣಿ ಹತ್ತುತ್ತಾರೆ. ಎಡಗೈ ಇತ್ತಲ್ಲ ಎಂದು, ಇವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದಿರುವ ನಾನು ಚಿಕ್ಕ ಪೇಂಟರನ್ನು ಕೇಳಿದರೆ, ಅವರು ಕುಂಚ ತೋರಿಸಿ "ಕೈ ಖಾಲಿ ಇಲ್ಲ" ಎನ್ನುತ್ತಾರೆ. ಮಾತು ತೊದಲುತ್ತದೆ, ತುಂಟತನ ತೊದಲುವುದಿಲ್ಲ. ನಾನು ನಗುತ್ತೇನೆ. ಮೇಲಿದ್ದವರು ನಗುವುದಿಲ್ಲ.

ಇಂದು ಬರೆಯಬೇಕಾದದ್ದು ಬೈಬಲ್ಲಿನ ಒಂದೇ ಒಂದು ಸಾಲು. ಯಾರನ್ನು ಕಳುಹಿಸಲಿ ಎಂದು ದೇವರು ಕೇಳಿದಾಗ ಪ್ರವಾದಿಯೊಬ್ಬ ಕೊಟ್ಟ ಉತ್ತರ: "ಇಗೋ, ನಾನಿದ್ದೇನೆ, ನನ್ನನ್ನು ಕಳುಹಿಸು." ಕೆಲವು ವರ್ಷಗಳ ಹಿಂದೆ ಇದೇ ಗೋಡೆಯ ಮೇಲೆ ಇದೇ ಸಾಲನ್ನು ಇವರೇ ಬರೆದಿದ್ದರು. ತೇವ ಏರಿ ಗಾರೆ ಉದುರಿತು. ಈಗ ಹೊಸ ಗಾರೆ ಹಾಕಿ ಬಣ್ಣ ಬಳಿದಾಗಿದೆ. ಮತ್ತೆ ಬರೆದುಕೊಡಿ ಎಂದು ಚರ್ಚಿನ ಹಿರಿಯರು ಮನೆಗೆ ಹೋದಾಗಲೆಲ್ಲ ದೊಡ್ಡ ಪೇಂಟರ್ "ಬೇರೆ ಯಾರಿಗಾದ್ರೂ ಹೇಳಿ" ಎಂದು ಒಳಗೆ ಹೋಗಿಬಿಡುತ್ತಿದ್ದರಂತೆ. ಇಷ್ಟು ಹೊಗಳಿಸಿಕೊಂಡ ಮನುಷ್ಯನಿಗೆ ಜಂಬ ಬಂದಿದೆ ಎಂದು ಕೆಲವರು ಆಡಿಕೊಂಡರು.

ಹೊಗಳಿಸಿಕೊಂಡದ್ದು ಹೌದು. ಹಳೆಯ ಸಾಲಿನ ಆ "ನಾ" ಅಕ್ಷರದ ಬಾಗನ್ನು ನೋಡಲೆಂದೇ ಬೇರೆ ಪೇಂಟರುಗಳು ಬರುತ್ತಿದ್ದರು. ನನ್ನ ಮೊದಲ ಪ್ರಶ್ನೆಯೂ ಅದರ ಬಗ್ಗೆಯೇ ಇತ್ತು. ಕೇಳಿದೊಡನೆ ದೊಡ್ಡ ಪೇಂಟರ ಮುಖ ಹುಳ್ಳಗಾಯಿತು. ಹೊಗಳಿಕೆಯೇ ಹೊನ್ನಶೂಲ ಎಂಬುದನ್ನು ನಾನು ಅಲ್ಲಿಯವರೆಗೆ ಕೇಳಿದ್ದೆ, ಕಣ್ಣಾರೆ ಕಂಡಿರಲಿಲ್ಲ.

ಅಕ್ಷರ ಬರೆಯುವುದು ಈ ಅಣ್ಣತಮ್ಮಂದಿರಿಗೆ ಅಪ್ಪನಿಂದ ಬಂದ ಕಸುಬು. ಕ್ಷೌರದಂಗಡಿ, ಹಿಟ್ಟಿನ ಗಿರಣಿ, ಶಾಲೆಯ ಗೇಟು, ಲಾರಿಯ ಹಿಂಬದಿ, ಎಲ್ಲದರ ಮೇಲೂ ಇವರ ಕೈ ಓಡಾಡಿದೆ. "ನಾನು ಬರೆದದ್ದನ್ನ ಓದ್ಬಹುದು ಸರ್. ಅವನು ಬರೆದದ್ದನ್ನ ನಿಂತು ನೋಡ್ಬೇಕು" ಎನ್ನುತ್ತಾರೆ ಅಣ್ಣ. ಅಪ್ಪ ಇಬ್ಬರಿಗೂ ಮೊದಲು ಕಲಿಸಿದ್ದು ಒಂದೇ ಪಾಠ: ಕುಂಚ ಗೋಡೆಯ ಮೇಲಿದ್ದಾಗ ದೇವರೇ ಕರೆದರೂ ಓಗೊಡಬಾರದು. ಗೆರೆ ಎಳೆಯುತ್ತ ನಡುವೆ ನಿಂತರೆ ಆ ಜಾಗದ ಬಣ್ಣ ಒಣಗುತ್ತದೆ. ಮತ್ತೆ ಮುಂದುವರಿಸಿದರೆ ಜೋಡಿಸಿದ ಗುರುತು ಕಂಡೇ ಕಾಣುತ್ತದೆ. ಈ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಅವಮಾನವಿಲ್ಲ.

"ಆವತ್ತು ಆ 'ನಾ' ಬರೀತಿದ್ದೆ" ಎಂದು ಅವರು ಶುರುಮಾಡುತ್ತಾರೆ. ಮುಖ ಗೋಡೆಯ ಕಡೆಗೇ ಇದೆ. "ಇವನು ಕೆಳಗೆ ಬಣ್ಣ ಕಲಸ್ತಿದ್ದ. 'ಅಣ್ಣಾ' ಅಂದ. ಸ್ವಲ್ಪ ಹೊತ್ತಿಗೆ ಮತ್ತೆ 'ಅಣ್ಣಾ' ಅಂದ. ದನಿ ಎಂದಿನ ಹಾಗಿಲ್ಲ ಅಂತ ಗೊತ್ತಾಯ್ತು. ಗೊತ್ತಾದ್ರೂ ಬಾಗು ಎಳೆದು ಮುಗಿಸಿದೆ. ದೀರ್ಘಾನೂ ಕೊಟ್ಟೆ. ಚೆನ್ನಾಗಿ ಬಂತು ಅಂತ ಮನಸ್ಸಲ್ಲೇ ಖುಷಿಪಟ್ಟೆ. ಆಮೇಲೆ ತಿರುಗಿ ನೋಡಿದೆ."

ತಮ್ಮ ಏಣಿಯ ಬುಡದಲ್ಲಿ ಬಿದ್ದಿದ್ದರು. ಲಕ್ವ ಹೊಡೆದಿತ್ತು. ಅಂದಿನಿಂದ ಬಲಗೈ ಏಳಲಿಲ್ಲ. ಅಷ್ಟು ತಡವಾದದ್ದರಿಂದ ಏನೂ ವ್ಯತ್ಯಾಸವಾಗಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದ್ದಾರೆ. "ಡಾಕ್ಟರು ಹೇಳೋದು ಕಾಯಿಲೆ ವಿಚಾರ ಸರ್. ನನಗೆ ಕೇಳಿಸಿತ್ತಲ್ಲ, ಅದಕ್ಕೆ ಅವರೇನು ಹೇಳ್ತಾರೆ? ನಾಚಿಕೆ ಆಗುತ್ತೆ. ಆ ಗೋಡೆ ಕಾಣದ ಹಾಗೆ ಭಾನುವಾರ ಕಂಬದ ಹಿಂದೆ ಕೂರ್ತಿದ್ದೆ. ಗಾರೆ ಉದುರಿದಾಗ ಸಂತೋಷ ಆಯ್ತು. ಸಂತೋಷ ಆಯ್ತಲ್ಲ ಅಂತ ಇನ್ನಷ್ಟು ನಾಚಿಕೆ ಆಯ್ತು."

ತಮ್ಮನ ಕಥೆಯೇ ಬೇರೆ. "ಟೀ ಬಂತು... ಅಂತ ಕರೆದೆ" ಎನ್ನುತ್ತಾರೆ, ಕಣ್ಣೂ ಮಿಟುಕಿಸದೆ. ಮೇಲಿನಿಂದ ಉತ್ತರ ಬರುತ್ತದೆ: "ಸುಳ್ಳು ಸರ್. ಆವತ್ತು ಟೀ ಬಂದೇ ಇರಲಿಲ್ಲ."

ಆ ದಿನದಿಂದ ದೊಡ್ಡ ಪೇಂಟರ್ ಕರೆಗೆ ತಡಮಾಡಿದ್ದಿಲ್ಲ. ಅವರು ಬರೆದ ಬೋರ್ಡುಗಳಲ್ಲಿ ಈಗ ಅಲ್ಲಲ್ಲಿ ಜೋಡಿಸಿದ ಗುರುತಿರುತ್ತದೆ, ಗಿರಾಕಿಗಳು ಗೊಣಗುತ್ತಾರೆ. ಮನೆಯಲ್ಲೂ ಇದೇ ಪಾಡು. "'ರೀ' ಅಂದ್ರೆ ಸಾಕು, ಊಟದ ತಟ್ಟೆ ಬಿಟ್ಟು ಎದ್ದು ಬರ್ತಾರೆ. ಮದುವೆಯಾದ ಹೊಸದರಲ್ಲಿ ಹೀಗಿದ್ದಿದ್ರೆ ನಾನೂ ನಾಲ್ಕು ಸಲ ಜಾಸ್ತಿ ಕರೀತಿದ್ದೆ" ಎಂದು ಅವರ ಹೆಂಡತಿ ನಗುತ್ತಾರೆ. ನಕ್ಕು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

ಕೊನೆಗೆ ಮನೆಗೆ ಹೋದವರು ಪಾದ್ರಿ. ಈ ಸಾಲು ಬರೆಯುವ ಯೋಗ್ಯತೆ ನನಗಿಲ್ಲ ಎಂದು ಪೇಂಟರ್ ಅಂದು ಎಲ್ಲವನ್ನೂ ಹೇಳಿದರಂತೆ. ಪಾದ್ರಿ ಸಮಾಧಾನ ಹೇಳಲಿಲ್ಲ, ಬೈಬಲ್ ತೆಗೆದು ಆ ಸಾಲಿಗೂ ಮುಂಚಿನ ಸಾಲುಗಳನ್ನು ಓದಿದರು. "ಧೈರ್ಯವಂತ ಆಡಿದ ಮಾತು ಅಂತ ಎಲ್ಲರೂ ತಿಳ್ಕೊಂಡಿದ್ದಾರೆ" ಎಂದು ಪಾದ್ರಿ ನನಗೆ ವಿವರಿಸುತ್ತಾರೆ. "ಅದಕ್ಕೂ ಮೊದಲು ಆ ಪ್ರವಾದಿ ಏನಂತಾನೆ? ಅಯ್ಯೋ, ನಾನು ಕೆಟ್ಟೆ, ನನ್ನ ಬಾಯಿ ಹೊಲಸು ಅಂತಾನೆ. ನಾಚಿಕೆಯಿಂದ ಕುಗ್ಗಿ ನಿಂತವನನ್ನೇ ದೇವರು ಶುದ್ಧಮಾಡಿ ನಿಲ್ಲಿಸ್ಕೊಂಡದ್ದು. ನಾನಿದ್ದೇನೆ ಅಂದದ್ದು ಅವನೇ."

ಪೇಂಟರಿಗೆ ಅದು ಪೂರ್ತಿ ಒಪ್ಪಿಗೆಯಾದಂತಿಲ್ಲ. "ಅಯ್ನೋರು ದೊಡ್ಡ ಮಾತು ಹೇಳಿದ್ರು. ನನಗೆ ಅರ್ಥ ಆಗಿದ್ದು ಇಷ್ಟೇ. ದೇವರು ಕರೆಯೋದು ಮೇಲಿಂದ ಅಂತ ತಿಳ್ಕೊಂಡಿದ್ದೆ. ಆವತ್ತು ಕರೆದದ್ದು ಕೆಳಗಿಂದ." ಆದರೂ ಒಪ್ಪಿಸಿದ್ದು ಪಾದ್ರಿಯಲ್ಲ, ತಮ್ಮ. "ನೀನು ಬರೀದೇ ಹೋದ್ರೆ... ನಾನೇ ಎಡಗೈಯಲ್ಲಿ ಬರೀತೀನಿ. ಹೋಗೋದು ನಿನ್ನ ಮಾನ" ಎಂದು ಹೆದರಿಸಿದರಂತೆ.

ಈಗ ಕಿಟಕಿಯ ಬಿಸಿಲು ಗೋಡೆಗೆ ಬಂದಿದೆ. "ಇಗೋ" ಮುಗಿದಿದೆ. ಪೇಂಟರ್ ಚಪ್ಪಟೆ ಕುಂಚವನ್ನು ಬಣ್ಣದಲ್ಲಿ ಅದ್ದಿ, ಡಬ್ಬಿಯ ಅಂಚಿಗೆ ಒರೆಸಿ, "ನಾ"ದ ಬಾಗಿಗೆ ಕೈ ಹಚ್ಚುತ್ತಾರೆ. ಉಸಿರು ಬಿಗಿಹಿಡಿದಿದ್ದಾರೆ, ನಾನೂ ಹಿಡಿದಿದ್ದೇನೆ. ಗೆರೆ ಅರ್ಧಕ್ಕೆ ಬಂದಿದೆ, ಬೆಣ್ಣೆಯಂತೆ ಇಳಿಯುತ್ತಿದೆ.

ಟಣ್.

ಕುಂಚ ಗೋಡೆ ಬಿಡುತ್ತದೆ. ಅವರು ಏಣಿ ಇಳಿದು ಬಂದು ಕುರ್ಚಿಯ ಮುಂದೆ ನಿಲ್ಲುತ್ತಾರೆ. "ಏನಪ್ಪಾ?"

ತಮ್ಮ ತುಸು ಹೊತ್ತು ತುಟಿ ಹೊಂದಿಸಿಕೊಳ್ಳುತ್ತಾರೆ. "ಮುಗಿಸ್ಕೊಂಡು... ಬಾ ಅಣ್ಣ. ಅಷ್ಟು ಹೇಳೋಕೆ ಕರೆದೆ."

ಅಣ್ಣ ಅಲ್ಲೇ ನೆಲದ ಮೇಲೆ ಕೂತುಬಿಡುತ್ತಾರೆ. ತಮ್ಮನ ಸತ್ತ ಕೈಯನ್ನು ಮುಖಕ್ಕೊತ್ತಿಕೊಂಡು, ನಾನಿರುವುದನ್ನೂ ಮರೆತು ಅಳುತ್ತಾರೆ. "ಬಣ್ಣ ಒಣಗ್ತಿದೆ" ಎಂದು ತಮ್ಮ ಗದರಿಸುತ್ತಾರೆ. ಅಣ್ಣ ಏಳುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಸಾಲು ಮುಗಿಯುತ್ತದೆ. ನೋಡಲು ಬಂದ ಚರ್ಚಿನ ಹಿರಿಯರೊಬ್ಬರು ಕನ್ನಡಕ ಏರಿಸಿ, "ಎಲ್ಲ ಚೆನ್ನಾಗಿದೆ ಪೇಂಟರೇ, ಆ 'ನಾ'ದ ನಡುವೆ ಮಾತ್ರ ಒಂದು ಗೀಟು ಕಾಣ್ತಿದೆ. ತಿದ್ದಿಬಿಡಿ" ಎನ್ನುತ್ತಾರೆ.

ದೊಡ್ಡ ಪೇಂಟರ್ ಸೀಮೆಎಣ್ಣೆಯಲ್ಲಿ ಕುಂಚ ತೊಳೆಯುತ್ತ ತಲೆಯೆತ್ತಿ ಗೋಡೆ ನೋಡುತ್ತಾರೆ.

"ಇರಲಿ ಬಿಡಿ ಸರ್. ಇವತ್ತು ನಾನು ಇಳಿದಿದ್ದು ಅಲ್ಲಿಂದ."