ಕಾಲು ಬಲ್ಲ ಡಿಜೆ

ಬಮ್ಮಿಗಟ್ಟಿಯ ಆ ಡಿಜೆಯ ಲ್ಯಾಪ್‌ಟಾಪಿನಲ್ಲಿ ಸಾವಿರಾರು ಹಾಡುಗಳಿದ್ದವು. ಅವನ್ನು ಗಾಯಕರ ಹೆಸರಿನಲ್ಲಿ ಇಟ್ಟಿರಲಿಲ್ಲ. ಕೇಳಿದವರ ಕಾಲು ಏನು ಮಾಡುತ್ತದೆ ಎಂಬುದರ ಮೇಲೆ ಫೋಲ್ಡರು ಮಾಡಿದ್ದರು: ‘ಕುಣಿಯೂದು’, ‘ನಿಲ್ಲೂದು’, ‘ಹಿಂದಕ್ಕ ಹೊಳ್ಳೂದು’. ನಾನು ನಕ್ಕರೆ, ಜಾರಿದ ಕನ್ನಡಕದ ಮೇಲಿಂದ ನೋಡಿ, “ಹೆಸರು ಮರೀತೈತ್ರಿ ಸರ, ಕಾಲು ಮರಿಯಂಗಿಲ್ಲ” ಎನ್ನುತ್ತಿದ್ದರು.

ಅಣ್ಣನ ಮದುವೆಯ ಮುಂಜಾನೆ ಮೆರವಣಿಗೆ ಮಂಟಪದಿಂದ ಹನುಮಪ್ಪನ ಗುಡಿಗೆ ಹೊರಟಿತ್ತು. ಡಿಜೆ ಗಾಡಿಗೆ ಮುಖ ಮಾಡಿ, ಹಿಂದೆ ಹಿಂದೆ ಹೆಜ್ಜೆ ಹಾಕುತ್ತ ತಂಗಿ ಮತ್ತು ಗೆಳತಿಯರು ಕುಣಿಯುತ್ತಿದ್ದರು. ಅವರ ಬೆನ್ನ ಹಿಂದೆ, ಕಬ್ಬಿನ ಟ್ರ್ಯಾಕ್ಟರು ತಾಗಿ ಕರೆಂಟಿನ ತಂತಿ ಹರಿದು ರಸ್ತೆಗೆ ಬಿತ್ತು. ಕಿಡಿ ಹಾರಿತು. ನಾನು ಕೂಗಿದ್ದು ಆ ಸದ್ದಿನಲ್ಲಿ ನನಗೇ ಕೇಳಲಿಲ್ಲ. ಇನ್ನು ಹತ್ತು ಹೆಜ್ಜೆ. ಈಗಲೂ ಕಣ್ಣು ಮುಚ್ಚಿದರೆ ಆ ಹೆಜ್ಜೆಗಳನ್ನೇ ಎಣಿಸುತ್ತೇನೆ.

ಡಿಜೆಯವರು ಗಾಡಿ ನಿಲ್ಲಿಸಿದರು. ಗಾಬರಿಗೆ ಯಾರು ಎತ್ತ ಓಡುತ್ತಾರೋ ಎಂದು ಮೈಕ್ ಮುಟ್ಟಲಿಲ್ಲ. ಜನ ಹಿಂದಕ್ಕೆ ತಿರುಗುವ ಹಾಡುಗಳ ಮೂರನೆಯ ಫೋಲ್ಡರು ತೆರೆದು ಮಂಗಲಾಷ್ಟಕ ಹಾಕಿದರು.

ಮಂಗಲಾಷ್ಟಕ ಹಾಡಿ ವಧೂವರರ ಮೇಲೆ ಅಕ್ಕಿಕಾಳು ಹಾಕುವಾಗ ಇರದಿದ್ದರೆ ನಮ್ಮ ಕಡೆ ಮದುವೆಗೆ ಹೋದಂತೆಯೇ ಅಲ್ಲ. “ಅಯ್ಯ, ಅಕ್ಕಿಕಾಳು ಬಿದ್ವು, ನಡೀರಿ ಲಗೂನ!” ಎಂದಳು ಸೋದರತ್ತೆ. ಎಲ್ಲರೂ ಮಂಟಪದ ಕಡೆ ಓಡಿದರು. ಮದುಮಗನಾದ ಅಣ್ಣನೂ ಓಡಿದ!

ಗಾಡಿ ದಾಟುವಾಗ ತಂಗಿ ನಿಂತು ಬೈದಳು. “ಮದುಮಗ ಇಲ್ಲೇ ಅದಾನ, ಯಾರಿಗೆ ಅಕ್ಕಿಕಾಳು ಹಾಕ್ಸಾಕತ್ತೀರಿ ಕಾಕಾ? ಛಲೋ ಕುಣಿಯಾಕತ್ತಿದ್ವಿ!”

“ತಪ್ಪಾತವ್ವ,” ಎಂದರು ಅವರು, ಫೋನಿನಲ್ಲಿ ಕರೆಂಟ್ ಆಫೀಸಿನ ನಂಬರು ಒತ್ತುತ್ತ. “ಲೈನ್‌ಮನ್ ಬಂದು ಹೋಗ್ಲಿ. ಆಮ್ಯಾಲ ನೀ ಸಾಕನ್ನೂತನಕ ಹಾಕ್ತೀನಿ.”